ಕಳೆದ ವೇಳೆಯನ್ನು ಮರಳಿ ಗಳಿಸಬಹುದೆ?

ಎರಡು ಊರುಗಳ ನಡುವಣ ದೂರ 60 ಕಿಲೋಮೀಟರು. ಒಬ್ಬಾತನು ಗಂಟೆಗೆ 30 ಕಿಲೋಮೀಟರು ವೇಗದಿಂದ ಕಾರಿನಲ್ಲಿ ಹೋಗುತ್ತಾನೆ. ಹೋಗಿಬರುವ ಇಡೀ ಪ್ರಯಾಣದ ಸರಾಸರಿ ವೇಗವು 60 ಆಗಬೇಕಾದರೆ, ಅವನು ಯಾವ ವೇಗದಿಂದ ಹಿಂದಿರುಗಬೇಕು? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ '90' ಎಂಬ ಉತ್ತರವು ಒಕ್ಕೊರಲಿನಿಂದ ಬರುತ್ತದೆ. 30 ಮತ್ತು 90ರ ಸರಾಸರಿ 60 ತಾನೆ!

ಈ ಆತುರಕ್ಕೆ ಬೀಜಗಣಿತವೇ ಮದ್ದು. ತಿಳಿಯದಿರುವುದಕ್ಕೆ ಮೊದಲು ಒಂದು ಹೆಸರನ್ನಿಡಬೇಕು. 12ನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ 'ಬೀಜಗಣಿತ' ಗ್ರಂಥದಲ್ಲಿ ಅವ್ಯಕ್ತ ರಾಶಿಯನ್ನು 'ಯಾವತ್ತಾವತ್', ಅಂದರೆ 'ಎಷ್ಟೋ ಅಷ್ಟು', ಎಂದು ಕರೆದು, ಅದನ್ನು 'ಯಾ' ಎಂದು ಸಂಕ್ಷೇಪಿಸಿದ್ದಾನೆ. ನಾವೂ ಅದನ್ನೇ ಬಳಸೋಣ.

ಆದರೆ ಹೆಸರಿಡಬೇಕಾದುದು ಯಾವುದಕ್ಕೆ? ಕೇಳಿರುವುದು ವೇಗವನ್ನು, ಆದರೂ ಕಾಲವನ್ನು ಹಿಡಿಯುವುದು ಜಾಣತನ. ಸರಾಸರಿ ವೇಗವೆಂದರೆ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದಾಗ ಬರುವ ಫಲ. ವೇಗಗಳನ್ನೇ ಕೂಡಿಸಿ ಎರಡರಿಂದ ಭಾಗಿಸಿದ್ದಲ್ಲ. ಹಿಂದಿರುಗಲು ಬೇಕಾದ ಗಂಟೆಗಳು 'ಯಾ' ಆಗಿರಲಿ. ಹೋಗುವುದಕ್ಕೆ 2 ಗಂಟೆ ಹಿಡಿಯಿತು. ಒಟ್ಟು ಕಾಲ 2 + ಯಾ. ಒಟ್ಟು ದೂರ 120.

60 × (2 + ಯಾ) = 120
120 + 60ಯಾ = 120
ಯಾ = 0

ಹಿಂದಿರುಗಲು ಒಂದು ನಿಮಿಷವೂ ಉಳಿದಿಲ್ಲ! ಇದ್ದ 2 ಗಂಟೆಗಳೂ ಹೋಗುವಾಗಲೇ ವ್ಯಯವಾಗಿವೆ. ಬೆಳಕಿನ ವೇಗವೂ ಇಲ್ಲಿ ಸಾಲದು. ಸಮೀಕರಣದಲ್ಲಿ ತಪ್ಪಿಲ್ಲ, ಬೇಡಿಕೆಯೇ ಅಸಾಧ್ಯವಾದುದು. 90ರ ವೇಗದಿಂದ ಬಂದರೆ ಸರಾಸರಿ ದೊರೆಯುವುದು 45 ಮಾತ್ರ.

ಬೇಡಿಕೆಯನ್ನು 50ಕ್ಕೆ ಇಳಿಸಿ ನೋಡೋಣ. 50 × (2 + ಯಾ) = 120 ಎಂಬುದರಿಂದ ಯಾ = 2/5 ಗಂಟೆ, ಎಂದರೆ 24 ನಿಮಿಷ. ಅದಕ್ಕೆ ಗಂಟೆಗೆ 150 ಕಿಲೋಮೀಟರು ವೇಗ ಬೇಕು. ಉತ್ತರವೇನೋ ದೊರೆಯಿತು, ನಮ್ಮ ರಸ್ತೆಗಳಲ್ಲಿ ಅದನ್ನು ಪ್ರಯೋಗಿಸಿ ನೋಡುವುದು ಬೇಡ.

ತಡವಾಯಿತೆಂದು ವಾಹನವನ್ನು ಓಡಿಸುವವರು ಮಾಡುವುದು ಇದೇ ತಪ್ಪೆಣಿಕೆಯನ್ನು. ಉಳಿದಿರುವ ದಾರಿ 20 ಕಿಲೋಮೀಟರು ಎನ್ನೋಣ. 60ರ ವೇಗದಲ್ಲಿ 20 ನಿಮಿಷ, 80ರ ವೇಗದಲ್ಲಿ 15 ನಿಮಿಷ. ಗಳಿಸಿದ್ದು ಐದೇ ನಿಮಿಷ. ಚಲನಶಕ್ತಿಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ, 9ಕ್ಕೆ 16ರಂತೆ, ಏರಿರುತ್ತದೆ. ಬ್ರೇಕು ಹಿಡಿದ ಮೇಲೆ 18 ಮೀಟರಿನಲ್ಲಿ ನಿಲ್ಲುತ್ತಿದ್ದ ಕಾರು ಅಷ್ಟೇ ಬಲದ ಬ್ರೇಕಿಗೆ ಈಗ 32 ಮೀಟರು ಸಾಗಿಯೇ ನಿಲ್ಲುತ್ತದೆ. ಅದೇ ದಾರಿಯಲ್ಲಿ ಐದರ ಬದಲು ಹತ್ತು ನಿಮಿಷ ಉಳಿಸಲು ಯಾವ ವೇಗ ಬೇಕು, ಆಗ ಕಾರು ಎಷ್ಟು ದೂರ ಸಾಗಿ ನಿಂತೀತು ಎಂಬುದನ್ನು ವಾಚಕರೇ ಲೆಕ್ಕಹಾಕಿ ನೋಡಬಹುದು.