ಟೋಕಿಯೊದಲ್ಲಿ ಸಂಸಾರ ಹೂಡುವವರಿಗೆ

ಟೋಕಿಯೊಗೆ ಹೊರಟಿದ್ದೇವೆ ಎಂದು ಊರಿನಿಂದ ಫೋನ್ ಮಾಡುವವರು ಮೊದಲು ಕೇಳುವುದು ತೊಗರಿಬೇಳೆ ಸಿಗುತ್ತದೆಯೇ, ಚಳಿ ಎಷ್ಟು, ಇಂಗ್ಲಿಷ್ ನಡೆಯುತ್ತದೆಯೇ ಎಂದು. ಬೇಳೆ ಸಿಗುತ್ತದೆ, ಚಳಿಗೆ ಮೈ ಒಗ್ಗುತ್ತದೆ, ಇಂಗ್ಲಿಷ್ ಆಫೀಸಿನ ಬಾಗಿಲವರೆಗೆ ನಡೆಯುತ್ತದೆ. ಅಷ್ಟು ಹೇಳಿ ನಾನು ತಿರುಗಿ ಕೇಳುತ್ತೇನೆ, "ಮನೆ ಯಾವ ಕುವಿನಲ್ಲಿ?"

ಟೋಕಿಯೊದ ನಡುಭಾಗದಲ್ಲಿ 23 ವಾರ್ಡುಗಳಿವೆ. ಅವನ್ನು ಇಲ್ಲಿ ಕು ಎನ್ನುತ್ತಾರೆ. ಬೆಂಗಳೂರಿನ ವಾರ್ಡಿನ ಲೆಕ್ಕದಲ್ಲಿ ಇವನ್ನು ನೋಡಬಾರದು. ಒಂದೊಂದು ಕುವಿಗೂ ಜನ ಆರಿಸಿದ ಮೇಯರ್ ಬೇರೆ, ಶಾಲೆ, ಗ್ರಂಥಾಲಯ ಬೇರೆ, ಕಸದ ನಿಯಮವೂ ಬೇರೆ. ನಾವಿರುವುದು ಪೂರ್ವದ ತುದಿಯ ಎದೊಗಾವ ಕುವಿನಲ್ಲಿ, ನಿಶಿಕಸಾಯಿ ನಿಲ್ದಾಣದ ಹತ್ತಿರ. ಶಿವಮೊಗ್ಗದಿಂದ ಯಜಮಾನರ ಕೆಲಸದ ಜೊತೆ ಬಂದವಳು ನಾನು. ಅವರು ಬೆಳಿಗ್ಗೆ ಆಫೀಸಿಗೆ ಹೋದರೆ ಈ ಊರಿನ ಜೊತೆಗಿನ ವ್ಯವಹಾರವೆಲ್ಲ ನನ್ನ ಪಾಲಿಗೆ. ಹಾಗೆ ಓಡಾಡಿ ನನಗೆ ಮನದಟ್ಟಾದದ್ದಿಷ್ಟು: ಟೋಕಿಯೊದಂಥ ಊರಿಗೆ ಇಡಿಯಾಗಿ ಒಗ್ಗಿಕೊಳ್ಳುತ್ತೇನೆ ಎಂದು ಹೊರಟರೆ ಆಗುವುದಿಲ್ಲ. ಒಗ್ಗಿಕೊಳ್ಳಬೇಕಾದದ್ದು ಒಂದು ಕುವಿಗೆ, ಅದರೊಳಗಿನ ಒಂದು ಬೀದಿಗೆ.

ಮೂರು ತಿಂಗಳಿಗಿಂತ ಹೆಚ್ಚು ಇರಲು ಬರುವವರಿಗೆ ನರಿಟಾ, ಹನೆದಾದಂಥ ವಿಮಾನ ನಿಲ್ದಾಣದಲ್ಲೇ ವಾಸದ ಕಾರ್ಡು ಕೊಡುತ್ತಾರೆ. 2012ರಿಂದ ಈ ಪದ್ಧತಿ ಇದೆ. 16 ವರ್ಷ ತುಂಬಿದವರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕು. ಮನೆ ಗೊತ್ತಾದ 14 ದಿನದೊಳಗೆ ಕುವಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಟೋಕನ್ ಹಿಡಿದು ಕೂತರೆ ಹೆಸರು ಕೂಗುತ್ತಾರೆ, ಕಾರ್ಡಿನ ಹಿಂಬದಿಗೆ ವಿಳಾಸ ಮುದ್ರಿಸಿ ಕೊಡುತ್ತಾರೆ. ನೋಡಲು ಒಂದು ಸಾಲು. ಅದಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಬ್ಯಾಂಕಿನವರು ಫೋನ್ ನಂಬರ್ ಕೇಳುತ್ತಾರೆ, ಫೋನ್ ಅಂಗಡಿಯವರು ಬ್ಯಾಂಕ್ ಖಾತೆ ಕೇಳುತ್ತಾರೆ, ಇಬ್ಬರೂ ಮೊದಲು ನೋಡುವುದು ಕಾರ್ಡಿನ ಹಿಂಬದಿಯನ್ನು. ಬಂದು ಆರು ತಿಂಗಳಾಗದವರಿಗೆ ಖಾತೆ ಕೊಡಲು ಹಿಂದೇಟು ಹಾಕುವ ಬ್ಯಾಂಕುಗಳೂ ಇವೆ. ಆದ್ದರಿಂದ ಮೊದಲು ಮನೆ, ಆಮೇಲೆ ಕು ಕಚೇರಿ, ಆಮೇಲೆ ಉಳಿದದ್ದು.

ಆರೋಗ್ಯ ವಿಮೆಯೂ ಅಲ್ಲೇ. ಕಂಪನಿಯ ವಿಮೆಯಲ್ಲಿ ಇಲ್ಲದವರು ಕುವಿನ ಮೂಲಕ ರಾಷ್ಟ್ರೀಯ ವಿಮೆಗೆ ಸೇರಲೇಬೇಕು. ಚಿಕಿತ್ಸೆಯ ಖರ್ಚಿನಲ್ಲಿ ನಮ್ಮ ಪಾಲು ಸಾಮಾನ್ಯವಾಗಿ ಶೇಕಡಾ 30. ಮಕ್ಕಳ ವಿಷಯದಲ್ಲಿ ಈ ಊರು ದೊಡ್ಡ ಮನಸ್ಸು ಮಾಡಿದೆ. 2023ರ ಏಪ್ರಿಲ್‌ನಿಂದ 23 ಕುಗಳಲ್ಲೂ ಹೈಸ್ಕೂಲು ಮುಗಿಯುವ ವಯಸ್ಸಿನವರೆಗೆ ವಿಮೆಯೊಳಗಿನ ಚಿಕಿತ್ಸೆಗೆ ಪೋಷಕರು ಕೊಡಬೇಕಾದ ಪಾಲನ್ನು ಕುವೇ ಭರಿಸುತ್ತದೆ. ಮಗಳಿಗೆ ಜ್ವರ ಬಂದು ಬೀದಿಯ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ವಿಮೆಯ ಕಾರ್ಡು, ಮಕ್ಕಳಿಗೆಂದು ಕು ಕೊಟ್ಟ ಕಾರ್ಡು ಎರಡನ್ನೂ ತೋರಿಸಿದೆ, ಔಷಧಿ ಚೀಟಿ ಹಿಡಿದು ಹೊರಗೆ ಬಂದೆ. ನಮ್ಮವರಿಗೆ ಏನಾದರೂ ದೊಡ್ಡಾಸ್ಪತ್ರೆಗೇ ಓಡುವ ರೂಢಿ. ಇಲ್ಲಿ ಅದನ್ನು ಬಿಡಬೇಕು. ದೊಡ್ಡ ಆಸ್ಪತ್ರೆಗೆ ಬೀದಿಯ ಡಾಕ್ಟರ ಪತ್ರವಿಲ್ಲದೆ ಹೋದರೆ ಮೊದಲ ಭೇಟಿಗೆ 7000 ಯೆನ್ ಅಥವಾ ಅದಕ್ಕೂ ಹೆಚ್ಚು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ.

ಮನೆಯ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೂ ಇಲ್ಲಿನ ಲೆಕ್ಕ ಹೊಸದು. ಠೇವಣಿಯ ಜೊತೆಗೆ ರೇಕಿನ್ ಎಂಬ ಹಣವಿದೆ. ಮನೆ ಕೊಟ್ಟದ್ದಕ್ಕೆ ಮಾಲೀಕರಿಗೆ ಸಲ್ಲಿಸುವ ಕಾಣಿಕೆ ಅದು, ವಾಪಸು ಬರುವುದಿಲ್ಲ. ಏಜೆಂಟರ ಕಮಿಷನ್, ಜಾಮೀನು ಕಂಪನಿಯ ಶುಲ್ಕ, ಎರಡು ವರ್ಷಕ್ಕೊಮ್ಮೆ ಕರಾರು ಹೊಸದು ಮಾಡುವ ಹಣ ಬೇರೆ. "ಮಾಲೀಕರು ವಿದೇಶಿಯರಿಗೆ ಕೊಡುವುದಿಲ್ಲವಂತೆ" ಎಂದು ಒಬ್ಬ ಏಜೆಂಟರು ತಲೆಬಾಗಿ, ಮೃದುವಾಗಿ ನನಗೆ ಹೇಳಿದ್ದುಂಟು. ಎಷ್ಟು ಮೃದುವಾಗಿ ಹೇಳಿದರೂ ಆ ಮಾತು ನೋಯಿಸುತ್ತದೆ.

ಇದಕ್ಕೆ ದಾರಿಯಾಗಿ ನಮ್ಮವರು ಹೆಚ್ಚು ಹಿಡಿಯುವುದು ಯುಆರ್ ಎಂಬ ಅರೆ ಸರ್ಕಾರಿ ಸಂಸ್ಥೆಯ ಮನೆಗಳನ್ನು. ಅಲ್ಲಿ ಕಾಣಿಕೆಯಿಲ್ಲ, ಕಮಿಷನ್ ಇಲ್ಲ, ಜಾಮೀನುದಾರರು ಬೇಡ, ನವೀಕರಣದ ಹಣವೂ ಇಲ್ಲ. ಆದಾಯದ ಪುರಾವೆ ತೋರಿಸಿ ಎರಡು ತಿಂಗಳ ಠೇವಣಿ ಕಟ್ಟಿದರೆ ಸಾಕು. ನಿಶಿಕಸಾಯಿಯ ಸುತ್ತ ಭಾರತೀಯರು ನೆಲೆನಿಂತದ್ದಕ್ಕೆ ಈ ಮನೆಗಳೂ ಒಂದು ಕಾರಣ. ಇನ್ನೊಂದು ಕಾರಣ ತೊಜಾಯಿ ಮಾರ್ಗದ ರೈಲು. ಬ್ಯಾಂಕುಗಳ ಮುಖ್ಯ ಕಚೇರಿಗಳಿರುವ ಒತೆಮಾಚಿ, ನಿಹೊನ್‌ಬಾಶಿಗಳಿಗೆ ಅದು ಎಲ್ಲೂ ಬದಲಿಸದೆ ಮುಟ್ಟಿಸುತ್ತದೆ. 2000ನೇ ಇಸವಿ ಬಂದರೆ ಕಂಪ್ಯೂಟರುಗಳ ತಾರೀಖು ಕೆಡುತ್ತದೆ ಎಂಬ ಆತಂಕದಲ್ಲಿ 1990ರ ದಶಕದ ಕೊನೆಗೆ ಇಲ್ಲಿನ ಕಂಪನಿಗಳು ನಮ್ಮ ಎಂಜಿನಿಯರುಗಳನ್ನು ಕರೆಸಿಕೊಂಡವು. ಅವರಿಗೆ ಊಟ, ವಸತಿಯ ದಾರಿ ತೋರಿಸಿದವರು ಕೋಲ್ಕತ್ತದಿಂದ 1978ರಲ್ಲೇ ಬಂದು ಚಹಾ ವ್ಯಾಪಾರ ಮಾಡಿಕೊಂಡಿದ್ದ ಜಗಮೋಹನ್ ಚಂದ್ರಾಣಿ. ಈ ಬಡಾವಣೆಯ ಭಾರತೀಯರು ಅವರನ್ನು ಈಗಲೂ ಗೌರವದಿಂದ ನೆನೆಯುತ್ತಾರೆ.

ಬಾಡಿಗೆ ಮನೆಗೆ ಕಾಲಿಡುವ ಮೊದಲು ಇನ್ನೊಂದು ಸಂಗತಿ ತಿಳಿದಿರಲಿ. ಬಹಳಷ್ಟು ಮನೆಗಳಲ್ಲಿ ದೀಪವೂ ಇರುವುದಿಲ್ಲ, ಗ್ಯಾಸ್ ಒಲೆಯೂ ಇರುವುದಿಲ್ಲ. ಗ್ಯಾಸ್ ಕಂಪನಿಯವರು ಬಂದು ನಮ್ಮೆದುರೇ ಪರೀಕ್ಷಿಸಿ ಸಂಪರ್ಕ ಕೊಡಬೇಕು, ಅದಕ್ಕೆ ಮೊದಲೇ ದಿನ ಗೊತ್ತು ಮಾಡಿಸಬೇಕು. ಹಾಲುಕ್ಕಿಸಬೇಕು ಎಂದಿದ್ದರೆ ಒಲೆ ಕೊಂಡು, ಗ್ಯಾಸ್ ಬರುವ ದಿನ ನೋಡಿಕೊಂಡೇ ಮುಹೂರ್ತ ಇಟ್ಟುಕೊಳ್ಳಿ. ಒಕ್ಕಲು ಬಂದ ಮೇಲೆ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಯವರಿಗೆ ಒಂದು ಟವೆಲ್ಲನ್ನೋ ಬಿಸ್ಕತ್ತಿನ ಡಬ್ಬಿಯನ್ನೋ ಕೊಟ್ಟು ಪರಿಚಯ ಹೇಳಿಕೊಳ್ಳುವುದು ಇಲ್ಲಿನ ಹಳೆಯ ಮರ್ಯಾದೆ. ಈಗ ಜಪಾನಿಯರೇ ಎಷ್ಟೋ ಜನ ಅದನ್ನು ಬಿಟ್ಟಿದ್ದಾರೆ. ನಾವು ಬಿಡಬಾರದು. ನಮ್ಮ ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಒಗ್ಗರಣೆಯ ಘಾಟು ಅವರಿಗೆ ಹೊಸದು. ಮುಖಪರಿಚಯ ಇದ್ದರೆ ಆ ಸದ್ದು ಅರ್ಧ ಕಡಿಮೆಯಾಗುತ್ತದೆ. ರಾತ್ರಿ ಒಂಬತ್ತರ ಮೇಲೆ ನಾನು ಮಿಕ್ಸಿ ಹಾಕುವುದಿಲ್ಲ.

ಕಸದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹೊಸಬರ ಬಗ್ಗೆ ಬೀದಿಯವರ ಅಭಿಪ್ರಾಯ ಹುಟ್ಟುವುದೇ ಕಸದ ಜಾಗದಲ್ಲಿ. ಸುಡುವ ಕಸಕ್ಕೆ ವಾರದಲ್ಲಿ ಎರಡು ದಿನ, ಮರುಬಳಕೆಯ ವಸ್ತುಗಳಿಗೆ ಒಂದು ದಿನ, ಸುಡಲಾಗದ ಕಸಕ್ಕೆ ತಿಂಗಳಿಗೆ ಎರಡು ದಿನ. ಆಯಾ ಬೆಳಿಗ್ಗೆ ಎಂಟರೊಳಗೆ ತಂದಿಡಬೇಕು, ಹಿಂದಿನ ರಾತ್ರಿ ಇಡುವಂತಿಲ್ಲ. ಚೀಲದ ಮೇಲೆ ಬಲೆ ಹೊದಿಸಬೇಕು, ಇಲ್ಲದಿದ್ದರೆ ಟೋಕಿಯೊದ ದಪ್ಪ ಕಾಗೆಗಳು ಬೀದಿತುಂಬ ಎಳೆದಾಡುತ್ತವೆ. ನೀರಿನ ಬಾಟಲಿಯ ಮುಚ್ಚಳ ತೆಗೆದು, ಸುತ್ತಿದ ಲೇಬಲ್ ಬಿಡಿಸಿ, ತೊಳೆದು ಇಡಬೇಕು. ಹಾಲಿನ ಡಬ್ಬಿ ಕತ್ತರಿಸಿ, ತೊಳೆದು, ಒಣಗಿಸಿ ಸೂಪರ್‌ಮಾರ್ಕೆಟ್ಟಿನ ಪೆಟ್ಟಿಗೆಗೆ ಹಾಕುತ್ತೇವೆ. 30 ಸೆಂಟಿಮೀಟರಿಗಿಂತ ಹೆಚ್ಚು ಉದ್ದವೋ ಅಗಲವೋ ಇರುವುದೆಲ್ಲ ದೊಡ್ಡ ಕಸ. ಹಳೆ ಕುರ್ಚಿ ಬಿಸಾಡಬೇಕಾದರೂ ಫೋನಿನಲ್ಲೋ ಆನ್‌ಲೈನಿನಲ್ಲೋ ದಿನ ಗೊತ್ತು ಮಾಡಿಸಿ, ಅಂಗಡಿಯಲ್ಲಿ ಹಣ ಕೊಟ್ಟು ಚೀಟಿ ಕೊಂಡು ಅಂಟಿಸಬೇಕು.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಬಲೆ ಮಡಚಿಡುವುದು, ಜಾಗ ಗುಡಿಸುವುದು ಅವರೇ ಹಚ್ಚಿಕೊಂಡ ಕೆಲಸ. ಅವರ ಜೊತೆ ನಾನೂ ಪೊರಕೆ ಹಿಡಿದೆ. ಬಟಾಣಿ ಸಿಪ್ಪೆ ಯಾವುದಕ್ಕೆ, ಒಡೆದ ಗಾಜು ಯಾವುದಕ್ಕೆ, ಕರಿದ ಎಣ್ಣೆಯನ್ನು ಕಾಗದಕ್ಕೆ ಹೀರಿಸಿ ಯಾವುದಕ್ಕೆ ಎಂದು ಬೆರಳಿನಲ್ಲೇ ತೋರಿಸಿ ಕಲಿಸಿದರು. ನನ್ನ ಮೊದಲ ಜಪಾನಿ ಮಾತುಗಳೆಲ್ಲ ಅವರು ಆ ಕಸದ ಜಾಗದಲ್ಲಿ ಕಲಿಸಿದವು.

ನಿಶಿಕಸಾಯಿಯಲ್ಲಿ ಜಪಾನಿ ಬಾರದೆ ಹತ್ತು ವರ್ಷ ಬೇಕಾದರೂ ಕಳೆಯಬಹುದು. ಭಾರತೀಯ ದಿನಸಿ ಅಂಗಡಿಗಳಿವೆ, ಹೋಟೆಲುಗಳಿವೆ, ಭಾರತೀಯ ಶಾಲೆಯಿದೆ. ಈ ಅನುಕೂಲ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಎಷ್ಟು ಧೈರ್ಯ ಕೊಡುತ್ತದೆ ಎಂದು ನನಗೆ ಗೊತ್ತು. ಅದೇ ಅನುಕೂಲ ಅವರನ್ನು ನಾಲ್ಕು ಗೋಡೆಯೊಳಗೆ ಕೂರಿಸುವುದನ್ನೂ ನೋಡಿದ್ದೇನೆ. ಡಾಕ್ಟರ ಹತ್ತಿರ ಹೋಗಲೂ ಗಂಡನಿಗೆ ರಜೆ ಸಿಗುವವರೆಗೆ ಕಾಯುವುದು ಒಳ್ಳೆಯ ಬಾಳಲ್ಲ.

ಕಲಿಯುವುದು ನಾವು ಅಂಜಿದಷ್ಟು ಕಷ್ಟವೂ ಅಲ್ಲ. ಚೀನೀ ಮೂಲದ ಚಿತ್ರಾಕ್ಷರಗಳು ಸಾವಿರಾರು ಇವೆ, ನಿಜ. ಆದರೆ ಉಚ್ಚಾರಕ್ಕೆ ತಕ್ಕಂತೆ ಬರೆಯುವ ಹಿರಗಾನ, ಕತಕಾನಗಳಲ್ಲಿ ಮೂಲಾಕ್ಷರ 46ರಂತೆ ಮಾತ್ರ. ಅವುಗಳ ಕ್ರಮ ಕಂಡಾಗ ನನಗೆ ರೋಮಾಂಚನವಾಯಿತು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಓದಿದ ಬೌದ್ಧ ಭಿಕ್ಷುಗಳಿಂದ ಬಂದ ಜೋಡಣೆ ಇದು, ನಮ್ಮ ವರ್ಣಮಾಲೆಯದೇ ದಾರಿ. ಪವರ್ಗದ ಜಾಗದಲ್ಲಿ ಹಕಾರ ಏಕೆ ಎಂದರೆ, ಹಿಂದೆ ಅದು ಪಕಾರವೇ ಆಗಿತ್ತಂತೆ. ಹಳಗನ್ನಡದ ಪಾಲು ಹಾಲಾದದ್ದನ್ನು ಬಲ್ಲ ನಮಗೆ ಇದು ಪರಕೀಯ ಎನಿಸುವುದಿಲ್ಲ. ವಾಕ್ಯದ ಕ್ರಮವೂ ಕನ್ನಡದ ಹಾಗೆಯೇ, ಕರ್ತೃ ಮೊದಲು, ಕ್ರಿಯೆ ಕೊನೆಗೆ.

ಶಾಕಾಹಾರಿಗಳಿಗಂತೂ ಅಕ್ಷರವೇ ಊಟ. ಬ್ರೆಡ್ಡು, ಚಿಪ್ಸ್, ಬೇಳೆಸಾರಿನಂತೆ ಕಾಣುವ ಸೂಪು, ಯಾವುದರಲ್ಲೂ ಹಂದಿಮಾಂಸದ ಸಾರ ಇರಬಹುದು. ಪೊಟ್ಟಣದ ಹಿಂದೆ ಕತಕಾನದಲ್ಲಿ "ಪೋಕು ಎಕಿಸು" ಎಂದು ಬರೆದಿರುತ್ತದೆ. ತರಕಾರಿಯೊಂದೇ ಇದೆ ಎಂದು ಕೊಟ್ಟ ಸಾರಿನ ತಳದಲ್ಲೂ ದಾಶಿ ಇರುತ್ತದೆ, ಅದು ಹೆಚ್ಚಾಗಿ ಒಣಮೀನಿನದು. ಮಾಂಸ, ಮೀನು, ಮೊಟ್ಟೆಯ ಚಿತ್ರಾಕ್ಷರಗಳನ್ನು ಕಲಿತರೆ ಅಂಗಡಿಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಅಂದಹಾಗೆ ಇಲ್ಲಿನ ಅಂಟಕ್ಕಿ ಚಿತ್ರಾನ್ನಕ್ಕೆ ಆಗುವುದಿಲ್ಲ, ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯ ಅಕ್ಕಿ ನಾನು ಕಂಡಿಲ್ಲ.

ರೈಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಸುಯಿಕಾ ಅಥವಾ ಪಾಸ್ಮೊ ಕಾರ್ಡಿಗೆ ಹಣ ತುಂಬಿ ಹತ್ತಿದರಾಯಿತು. ವಿಳಾಸದ ಬಗ್ಗೆ ಮಾತ್ರ ಒಂದು ಮಾತು. ಇಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ. ಬಡಾವಣೆಯ ಭಾಗ, ಅದರೊಳಗಿನ ತುಂಡು, ಕಟ್ಟಡ ಎಂದು ಸಂಖ್ಯೆಗಳ ಮೇಲೆ ಹುಡುಕಬೇಕು. ದಾರಿ ತಪ್ಪಿದರೆ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿಗೆ ಹೋಗಿ. ದೊಡ್ಡ ನಕ್ಷೆ ತೆರೆದು ದಾರಿ ತೋರಿಸುವುದು ಅಲ್ಲಿನ ಪೊಲೀಸರ ನಿತ್ಯದ ಕೆಲಸ.

ಸಂಜೆಯಾದರೆ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಒಂದು ಮಕ್ಕಳ ಹಾಡಿನ ಮಟ್ಟು ಕೇಳುತ್ತದೆ. ಮಕ್ಕಳು ಆಟ ಬಿಟ್ಟು ಮನೆಗೆ ಹೊರಡುತ್ತಾರೆ. ಅದು ನಿಜವಾಗಿ ವಿಪತ್ತಿನ ಎಚ್ಚರಿಕೆ ಕೊಡುವ ಯಂತ್ರಗಳ ದಿನದ ಪರೀಕ್ಷೆ. 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಭೂಕಂಪ ಮತ್ತು ಅದರ ಬೆಂಕಿಯಲ್ಲಿ ಈ ಊರಿನ ದೊಡ್ಡ ಭಾಗ ನಾಶವಾಗಿತ್ತು. ಆ ದಿನವನ್ನು ವಿಪತ್ತು ತಡೆ ದಿನವಾಗಿ ಆಚರಿಸುತ್ತಾರೆ, ಶಾಲೆಗಳಲ್ಲಿ ಅಣಕು ತಾಲೀಮು ನಡೆಯುತ್ತದೆ. ನಮ್ಮ ಎದೊಗಾವಕ್ಕೆ ನೀರಿನ ಭಯವೂ ಇದೆ. ಎರಡು ದೊಡ್ಡ ನದಿಗಳು ಸಮುದ್ರ ಸೇರುವ ಜಾಗ ಇದು. ಹಿಂದೆ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನೆಲ ಕುಸಿದು, ಕುವಿನ ಸುಮಾರು ಶೇಕಡಾ 70ರಷ್ಟು ಭೂಮಿ ಭರತದ ನೀರಿನ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ಕು ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲೇ, ಇಲ್ಲಿ ಇರಬೇಡಿ, ಎಂದು ಅಚ್ಚಾಗಿತ್ತು. ದೊಡ್ಡ ಚಂಡಮಾರುತದ ಮುನ್ಸೂಚನೆ ಬಂದರೆ ಕುವನ್ನೇ ಬಿಟ್ಟು ಬೇರೆಡೆ ಹೋಗಿ ಎಂಬುದು ಅದರ ಅರ್ಥ. ತನ್ನ ಜನಕ್ಕೆ ಇಷ್ಟು ನೇರವಾಗಿ ನಿಜ ಹೇಳುವ ಕಚೇರಿಯ ಮೇಲೆ ನನಗೆ ಭರವಸೆ ಹುಟ್ಟಿದೆ.

ಬರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊರಡುವ ಮೊದಲೇ ಹಿರಗಾನ, ಕತಕಾನ ಕಲಿಯಿರಿ, ವರ್ಣಮಾಲೆ ಬಲ್ಲವರಿಗೆ ಕೆಲವು ವಾರ ಸಾಕು. ವಿಳಾಸ ಬರೆಸಲು ಕು ಕಚೇರಿಗೆ ಹೋದ ದಿನವೇ ಕಸದ ವೇಳಾಪಟ್ಟಿ, ಪ್ರವಾಹದ ನಕ್ಷೆ, ಸ್ವಯಂಸೇವಕರು ನಡೆಸುವ ಜಪಾನಿ ತರಗತಿಯ ವಿವರ, ಮೂರನ್ನೂ ಕೇಳಿ ತೆಗೆದುಕೊಳ್ಳಿ. ಹೆಂಡತಿಯನ್ನು ಕರೆತರುವ ಗಂಡಂದಿರೇ, ಆ ತರಗತಿಗೆ ಮೊದಲು ಅವರ ಹೆಸರು ಬರೆಸಿ.