ಸಣ್ಣ ಲಾರಿಯ ಸ್ಪಾರ್ಕ್ ಪ್ಲಗ್ ಸಡಿಲವಾದರೆ ದೊಡ್ಡ ನಷ್ಟ: ತಡೆಯುವುದು ಹೇಗೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಎಷ್ಟೋ ಮಂದಿಯ ಅಂಗಡಿ ನಡೆಯುವುದೇ ಒಂದು ಗೂಡ್ಸ್ ಗಾಡಿಯ ಮೇಲೆ. ಮಂಗಳೂರು ಬಂದರಿನಿಂದ ಅಕ್ಕಿ, ಬೇಳೆ ತರುವವರು, ಧಕ್ಕೆಯಿಂದ ಮೀನು ತರುವವರು, ಅಡಿಕೆ, ಬಾಳೆಗೊನೆ ಸಾಗಿಸುವವರು, ಯಾರೇ ಆಗಲಿ, ಗಾಡಿ ಒಂದು ದಿನ ನಿಂತರೆ ಆ ದಿನದ ವ್ಯಾಪಾರ ಹೋಯಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಹಿಂದೆ ಸಣ್ಣ ಲಾರಿ ಅಂದರೆ ಡೀಸೆಲ್ ಎಂದೇ ಲೆಕ್ಕ. ಈಗ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳೂ ಬೇಕಾದಷ್ಟು ಓಡುತ್ತಿವೆ. ಟಾಟಾ ಏಸ್ ಗೋಲ್ಡ್ ಪೆಟ್ರೋಲ್ ಗಾಡಿಯಲ್ಲಿ ಎರಡು ಸಿಲಿಂಡರ್, ಮಾರುತಿ ಸೂಪರ್ ಕ್ಯಾರಿಯಲ್ಲಿ ನಾಲ್ಕು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಎಂಬುದೇ ಇಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಪೆಟ್ರೋಲ್‌ಗೂ ಸಿಎನ್‌ಜಿಗೂ ಕಿಡಿ ಬೇಕು. ಹಾಗಾಗಿ ಡೀಸೆಲ್ ಓಡಿಸಿ ಅಭ್ಯಾಸ ಆದವರು ಈ ಪ್ಲಗ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಗಾಡಿ ನಿಂತ ಮೇಲೆಯೇ.

ಪ್ಲಗ್ ಮೇಲೆ ಬೀಳುವ ಬಲ ಎಷ್ಟು?

ಪ್ಲಗ್ ಕಿಡಿ ಕೊಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೂ ಎರಡು ಕೆಲಸ ಉಂಟು. ಒಂದು, ಸಿಲಿಂಡರ್‌ನ ತೂತಿಗೆ ಬಿಗಿಯಾದ ಬಿರಡೆಯಾಗಿ ಕೂರುವುದು. ಇನ್ನೊಂದು, ತನ್ನ ತುದಿಯ ಬಿಸಿಯನ್ನು ಥ್ರೆಡ್ ಮತ್ತು ವಾಷರ್ ಮೂಲಕ ಎಂಜಿನ್ ಹೆಡ್‌ಗೆ ದಾಟಿಸುವುದು.

ಸ್ವಲ್ಪ ಲೆಕ್ಕ ಹಾಕಿ ನೋಡುವ. 14 ಎಂಎಂ ಪ್ಲಗ್‌ನ ತೂತಿನ ವಿಸ್ತೀರ್ಣ ಸುಮಾರು ಒಂದೂವರೆ ಚದರ ಸೆಂಟಿಮೀಟರ್. ಲೋಡ್ ಇದ್ದಾಗ ಒಳಗೆ ಉರಿಯುವ ಹೊತ್ತಿಗೆ ಒತ್ತಡ 50 ಬಾರ್ ಬಂದರೆ, ಪ್ಲಗ್ಗನ್ನು ಹೊರಗೆ ತಳ್ಳುವ ಬಲ ಸುಮಾರು 75 ಕೆಜಿ. ಒಂದೂವರೆ ಮೂಟೆ ಅಕ್ಕಿಯ ಭಾರ! ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಪ್ಲಗ್ ಈ ಪೆಟ್ಟನ್ನು ಸೆಕೆಂಡಿಗೆ 25 ಸಲ ತಿನ್ನುತ್ತದೆ. ಬಿಗಿಯಾಗಿ ಕೂತ ಪ್ಲಗ್ ವರ್ಷಗಟ್ಟಲೆ ಅದನ್ನು ತಡೆಯುತ್ತದೆ. ಸ್ವಲ್ಪ ಸಡಿಲ ಇದ್ದದ್ದು ಪೆಟ್ಟು ಪೆಟ್ಟಿಗೂ ಅಲುಗಾಡಿ ಇನ್ನೂ ಸಡಿಲವಾಗುತ್ತದೆ, ಜೊತೆಗೆ ಹೆಡ್‌ನ ಥ್ರೆಡ್ಡನ್ನೂ ಸವೆಸುತ್ತದೆ.

ಇದು ಬರೀ ನಮ್ಮ ಸಣ್ಣ ಗಾಡಿಗಳ ಸಮಸ್ಯೆ ಅಲ್ಲ. ಅಮೆರಿಕದಲ್ಲಿ 1990ರ ದಶಕದ ಕೊನೆ ಮತ್ತು 2000ದ ಆರಂಭದ ಫೋರ್ಡ್ ಟ್ರಕ್‌ಗಳ ಕೆಲವು ವಿ8 ಎಂಜಿನ್‌ಗಳಲ್ಲಿ ಪ್ಲಗ್‌ಗಳು ಥ್ರೆಡ್ ಸಮೇತ ಕಿತ್ತು ಹಾರುತ್ತಿದ್ದವು. ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ಗನ್ನು ಹಿಡಿಯುವ ಥ್ರೆಡ್‌ಗಳೇ ತೀರಾ ಕಡಿಮೆ, ಸುಮಾರು ನಾಲ್ಕು ಸುತ್ತು ಮಾತ್ರ ಇದ್ದದ್ದು ಅದಕ್ಕೆ ಮುಖ್ಯ ಕಾರಣ.

ಸಡಿಲವಾಗುವುದು ಯಾಕೆ?

ಸರಿಯಾಗಿ ಬಿಗಿ ಮಾಡಿದ ಪ್ಲಗ್ ತಾನಾಗಿ ಬಿಚ್ಚಿಕೊಳ್ಳುವುದು ಅಪರೂಪ. ಹೆಚ್ಚಾಗಿ ಕಾರಣ ಹಾಕಿದ ರೀತಿಯಲ್ಲೇ ಇರುತ್ತದೆ.

ಮೊದಲನೆಯದು, ಪ್ಲಗ್ ಕೂರುವ ಜಾಗದ ಕೊಳಕು. ಇಲ್ಲಿ ಹೆದ್ದಾರಿ 66ರ ಕೆಲಸ ನಡೆಯುವಾಗ ಧೂಳಿಗೆ ಬರ ಇರಲಿಲ್ಲ. ಮರಳಿನ ಒಂದು ಕಾಳು ವಾಷರ್ ಅಡಿಗೆ ಸಿಕ್ಕಿದರೂ ಬಿಗಿ ಆದ ಹಾಗೆ ಕೈಗೆ ಗೊತ್ತಾಗುತ್ತದೆ, ನಿಜವಾಗಿ ಆಗಿರುವುದಿಲ್ಲ.

ಎರಡನೆಯದು, ಹಳೆ ವಾಷರ್. ಹೊಸ ಪ್ಲಗ್‌ನ ವಾಷರ್ ಒಳಗೆ ಟೊಳ್ಳು. ಬಿಗಿ ಮಾಡಿದಾಗ ಅಪ್ಪಚ್ಚಿಯಾಗಿ ಸ್ಪ್ರಿಂಗ್ ಥರ ಹಿಡಿದುಕೊಳ್ಳುತ್ತದೆ. ಮತ್ತೆ ಮತ್ತೆ ಬಿಚ್ಚಿ ಹಾಕಿದರೆ ಆ ಗುಣ ಹೋಗುತ್ತದೆ. ವಾಷರ್ ಕಳೆದುಹೋದರೆ, ಅಥವಾ ಹಳೆಯದು ತೂತಿನಲ್ಲೇ ಅಂಟಿಕೊಂಡು ಅದರ ಮೇಲೆ ಇನ್ನೊಂದು ಕೂತರೆ, ಅದೂ ತೊಂದರೆಯೇ.

ಮೂರನೆಯದು, ಬಿಸಿ ಎಂಜಿನ್‌ನಲ್ಲಿ ಕೆಲಸ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಬಿಗಿ ಮಾಡಿದ್ದು ತಣ್ಣಗಾದ ಮೇಲೆ ಅದೇ ಅಳತೆಯಲ್ಲಿ ಉಳಿಯುವುದಿಲ್ಲ. ಬಿಸಿಯಲ್ಲೇ ಬಿಚ್ಚಿದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಪ್ಲಗ್ ಜೊತೆಗೇ ಕಿತ್ತು ಬರಬಹುದು.

ನಾಲ್ಕನೆಯದು, ಬೇರೆ ಪ್ಲಗ್. ಕೆಲವು ಪ್ಲಗ್‌ಗೆ ವಾಷರ್ ಇರುತ್ತದೆ, ಕೆಲವಕ್ಕೆ ಬದಲಿಗೆ ಇಳಿಜಾರು ಅಂಚು. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಥ್ರೆಡ್‌ನ ಉದ್ದ ಕಡಿಮೆಯಾದರೆ ಹಿಡಿತ ಕಡಿಮೆ, ಜಾಸ್ತಿಯಾದರೆ ಪಿಸ್ಟನ್‌ಗೆ ತಾಗುವ ಅಪಾಯ. "ಇದೂ ಆಗ್ತದೆ ಮಾರಾಯ್ರೆ" ಎಂದು ಕೊಟ್ಟದ್ದನ್ನು ಹಾಕಿಸಬೇಡಿ, ಮ್ಯಾನ್ಯುಯಲ್‌ನಲ್ಲಿರುವ ನಂಬರ್ ನೋಡಿ ತನ್ನಿ.

ಗುರುತಿಸುವುದು ಹೇಗೆ?

ಚಡಾವು ಹತ್ತುವಾಗ ಎಂಜಿನ್ ಕಡೆಯಿಂದ ಟಿಕ್ ಟಿಕ್ ಅಥವಾ ಚಫ್ ಚಫ್ ಸದ್ದು ಬರುವುದು ಮೊದಲ ಲಕ್ಷಣ. ಎಕ್ಸಲರೇಟರ್ ಒತ್ತಿದಾಗ ಜಾಸ್ತಿ, ಬಿಟ್ಟಾಗ ಕಡಿಮೆ. ಆಮೇಲೆ ಪಿಕಪ್ ಕಡಿಮೆಯಾಗುತ್ತದೆ, ಎಂಜಿನ್ ಲೈಟ್ ಹತ್ತುತ್ತದೆ, ಮೈಲೇಜ್ ಬೀಳುತ್ತದೆ. ಬಿಚ್ಚಿ ನೋಡಿದರೆ ವಾಷರ್ ಸುತ್ತ, ಥ್ರೆಡ್ ಮೇಲ್ಭಾಗದಲ್ಲಿ ಕಪ್ಪು ಮಸಿ ಇರುತ್ತದೆ.

ಆದರೆ ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ, ಲೋಹದ ಅಂಚಿನ ಹತ್ತಿರ ಕಂದು ಬಣ್ಣದ ಉಂಗುರ ಕಂಡರೆ ಗಾಬರಿ ಬೇಡ. ಹೆಚ್ಚಿನ ವೋಲ್ಟೇಜ್‌ಗೆ ಸುತ್ತಲಿನ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು. ಅಷ್ಟಕ್ಕೇ ಗ್ಯಾಸ್ ಲೀಕ್ ಎಂದು ಹೇಳಲಿಕ್ಕಾಗುವುದಿಲ್ಲ.

ಸದ್ದು ಬಂದರೂ ಓಡಿಸುತ್ತಾ ಹೋದರೆ ಎಂತ ಆಗುತ್ತದೆ? ಬಿಸಿ ಹೆಡ್‌ಗೆ ದಾಟುವುದಿಲ್ಲ. ಪ್ಲಗ್ ತುದಿ ಕೆಂಡವಾಗಿ ಕಿಡಿ ಬರುವ ಮೊದಲೇ ಇಂಧನ ಹತ್ತಿಕೊಳ್ಳುತ್ತದೆ. ಅದು ಮುಂದುವರಿದರೆ ಎಲೆಕ್ಟ್ರೋಡ್ ಕರಗುತ್ತದೆ, ಪಿಸ್ಟನ್‌ಗೇ ತೂತು ಬೀಳಬಹುದು. ಮೇಲಿರುವ ಕಾಯಿಲ್ ಕೂಡ ಬಿಸಿ ಗ್ಯಾಸ್ ತಾಗಿ ಹಾಳಾಗುತ್ತದೆ.

ಹಾಕುವ ಸರಿಯಾದ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಮಾಡಿಸುವುದು ಒಳ್ಳೆಯದು.

2. ಕಾಯಿಲ್ ತೆಗೆದ ಕೂಡಲೇ ಪ್ಲಗ್ ಬಿಚ್ಚಬೇಡಿ. ಮೊದಲು ಏರ್ ಹೊಡೆದು ಗುಂಡಿಯ ಧೂಳು ತೆಗೆಸಿ, ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೇ ಬೀಳುತ್ತದೆ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಸೀಲ್ ಹೋಗಿದೆ ಎಂದರ್ಥ, ಅದನ್ನೂ ಬದಲಾಯಿಸಿ.

3. ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಆಳದಲ್ಲಿದ್ದರೆ ಪ್ಲಗ್ ತಲೆಗೆ ರಬ್ಬರ್ ಪೈಪ್ ತುಂಡು ಸಿಕ್ಕಿಸಿ ತಿರುಗಿಸಬಹುದು. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ.

4. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲೇ ಆಗಲಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಎಂಎಂ ಪ್ಲಗ್‌ಗೆ ಸಾಮಾನ್ಯ ಅಳತೆ 25ರಿಂದ 30 ನ್ಯೂಟನ್ ಮೀಟರ್, 12 ಎಂಎಂಗೆ 15ರಿಂದ 20, 10 ಎಂಎಂಗೆ 10ರಿಂದ 12. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಅಂತಿಮ. 25 ನ್ಯೂಟನ್ ಮೀಟರ್ ಅಂದರೆ 25 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 10 ಕೆಜಿ ಬಲ, ಅಷ್ಟೇ. ಪೈಪ್ ಸಿಕ್ಕಿಸಿ ಎಳೆಯುವ ಕೆಲಸ ಇದಲ್ಲ.

5. ರೆಂಚ್ ಇಲ್ಲದಿದ್ದರೆ ಗಡಿಯಾರದ ಲೆಕ್ಕ ಉಂಟು. ವಾಷರ್ ಇರುವ ಹೊಸ 14 ಎಂಎಂ ಪ್ಲಗ್ ಕೈಯಲ್ಲಿ ಪೂರ್ತಿ ಕೂತ ಮೇಲೆ 12ರಿಂದ 6ರವರೆಗೆ, ಹೆಚ್ಚೆಂದರೆ 8ರವರೆಗೆ ತಿರುಗಿಸಬೇಕು. ಬಳಸಿದ್ದನ್ನೇ ವಾಪಸ್ ಹಾಕುವುದಾದರೆ 12ರಿಂದ 1ರವರೆಗೆ ಸಾಕು. ವಾಷರ್ ಇಲ್ಲದ, ಇಳಿಜಾರು ಅಂಚಿನ ಪ್ಲಗ್‌ಗೆ ಅದಕ್ಕಿಂತಲೂ ಕಡಿಮೆ. ಪ್ಲಗ್‌ನ ಡಬ್ಬಿ ಮೇಲೆ ಚಿತ್ರ ಇದ್ದರೆ ಅದನ್ನು ನೋಡಿ.

6. ಥ್ರೆಡ್‌ಗೆ ಗ್ರೀಸ್, ಆಯಿಲ್ ಹಚ್ಚುವ ಅಭ್ಯಾಸ ಬಿಡಿ. ಲೇಪನ ಇರುವ ಹೊಸ ಪ್ಲಗ್‌ಗಳಿಗೆ ಅದು ಬೇಡ. ಜಾರುವುದರಿಂದ ಅದೇ ಟಾರ್ಕ್‌ಗೆ ವಿಪರೀತ ಬಿಗಿಯಾಗಿ ಥ್ರೆಡ್ ಎಳೆದುಹೋಗಬಹುದು. ನೆನಪಿಡಿ, ಇವತ್ತಿನ ಅತಿ ಬಿಗಿಯೇ ನಾಳೆಯ ಸಡಿಲ.

ಸಿಎನ್‌ಜಿ ಗಾಡಿಯವರು ಇನ್ನೂ ಸ್ವಲ್ಪ ಜಾಗ್ರತೆ ಮಾಡಬೇಕು. ಗ್ಯಾಸ್ ಹತ್ತಿಸಲಿಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಆದ್ದರಿಂದ ಕಂಪೆನಿ ಹೇಳಿದ ಕಿಲೋಮೀಟರ್‌ಗೆ ಸರಿಯಾಗಿ ಬದಲಾಯಿಸಿ.

ಥ್ರೆಡ್ ಹೋದರೆ?

ಥ್ರೆಡ್ ಕಿತ್ತು ಹೋಗಿದ್ದರೆ ಟೇಪ್ ಸುತ್ತುವುದು, ಅಂಟು ಹಾಕುವುದು ಮಾಡಬೇಡಿ. ಹೆಡ್‌ನ ತೂತನ್ನು ದೊಡ್ಡದು ಮಾಡಿ ಹೊಸ ಲೋಹದ ಥ್ರೆಡ್ ಕೂರಿಸುವ ಹೆಲಿಕಾಯಿಲ್, ಟೈಮ್‌ಸರ್ಟ್ ಥರದ ಇನ್ಸರ್ಟ್‌ಗಳಿವೆ. ಸರಿಯಾಗಿ ಮಾಡಿದರೆ ಅವು ಚೆನ್ನಾಗಿ ಬಾಳುತ್ತವೆ. ಆದರೆ ಕೊರೆದ ಲೋಹದ ಪುಡಿ ಸಿಲಿಂಡರ್‌ಗೆ ಬೀಳದ ಹಾಗೆ ಮಾಡುವ, ಕೈ ಪಳಗಿದ ಮೆಕ್ಯಾನಿಕ್ ಬೇಕು.

ಲೆಕ್ಕ ಇಷ್ಟೇ

ಕಾಮರ್ಸ್ ಓದಿದವನಾದ ಕಾರಣ ನನಗೆ ಎಲ್ಲವೂ ಕೊನೆಗೆ ಖಾತೆ ಪುಸ್ತಕಕ್ಕೇ ಬರುತ್ತದೆ. ಒಂದು ಸೆಟ್ ಪ್ಲಗ್ ಮತ್ತು ಅರ್ಧ ಗಂಟೆಯ ಕೂಲಿ ನಿರ್ವಹಣೆಯ ಖರ್ಚು. ಹೆಡ್ ಬಿಚ್ಚಿಸುವುದು, ಟೋಯಿಂಗ್, ಐಸ್ ಕರಗಿ ಹಾಳಾದ ಮೀನು, ಬೇರೆ ಅಂಗಡಿಗೆ ಹೋದ ಗಿರಾಕಿ, ಇವೆಲ್ಲ ನಷ್ಟ. ಮೊದಲನೆಯದನ್ನು ನಾವು ಬೇಕಾದ ದಿನ ಮಾಡಬಹುದು, ಎರಡನೆಯದು ತನಗೆ ಬೇಕಾದ ದಿನ ಬರುತ್ತದೆ.

ನಾಲ್ಕೈದು ಗಾಡಿಯವರು ಸೇರಿ ಒಂದು ಟಾರ್ಕ್ ರೆಂಚ್ ತೆಗೆದಿಟ್ಟರೆ ಎಲ್ಲರಿಗೂ ಆಗುತ್ತದೆ. ಮುಂದಿನ ಸರ್ವಿಸ್‌ಗೆ ಹೋದಾಗ ಮೆಕ್ಯಾನಿಕ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಪ್ಲಗ್ ಎಷ್ಟು ಟಾರ್ಕ್‌ಗೆ ಬಿಗಿ ಮಾಡಿದ್ರಿ?" ಉತ್ತರ ಸಿಕ್ಕಿದರೆ ಬಿಲ್ ಮೇಲೆ ಬರೆಸಿಕೊಳ್ಳಿ. ಸಿಗದಿದ್ದರೆ ಗಾಡಿ ಹೊರಡುವ ಮೊದಲು, ಎಂಜಿನ್ ತಣ್ಣಗಾದ ಮೇಲೆ, ನಿಮ್ಮ ಎದುರಿನಲ್ಲೇ ಇನ್ನೊಮ್ಮೆ ನೋಡಿಸಿ.