ತೊಗರಿ ಬೆಳೆಗಾರನ ತೀರ್ಮಾನಕ್ಕೆ ತಕ್ಕ ಕಾಲ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಕರಿಯ ನೆಲದಲ್ಲಿ ತೊಗರಿಯೇ ಮುಖ್ಯವಾದ ಪೈರೆಂಬುದು ಸರ್ವವಿದಿತವಾಗಿದೆ. ಮುಂಗಾರಿನಲ್ಲಿ ಬಿತ್ತಿದ ಈ ಪೈರು ಕಣಕ್ಕೆ ಬರುವುದು ಡಿಸೆಂಬರ್ ಜನವರಿಗಳಲ್ಲಿ. ಆದುದರಿಂದ ಒಣಬೇಸಾಯದವನ ಕೈಗೆ ಹಣವು ವರ್ಷಕ್ಕೆ ಒಂದಾವರ್ತಿ ಮಾತ್ರವೇ ಬರುವುದು. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೋ ಶಹಾಬಾದಿನ ಕಲ್ಲುಗಣಿಯಲ್ಲಿಯೋ ದುಡಿಯುವವನಿಗಾದರೆ ತಿಂಗಳಿಗೋ ವಾರಕ್ಕೋ ಕೂಲಿ ದೊರೆಯುವುದಷ್ಟೆ. ಮೃಗಶಿರೆಯ ಹೊತ್ತಿಗೆ ಹೆಚ್ಚು ಬಡ್ಡಿಗೆ ಸಾಲ ತಂದು, ಸಿಕ್ಕಿದ ಬೀಜವನ್ನು ಬಿತ್ತುವ ರೈತನನ್ನು ಅವಿವೇಕಿಯೆಂದು ಹಳಿಯುವವರು ಈ ಭೇದವನ್ನು ಎಣಿಕೆಗೆ ತಂದುಕೊಳ್ಳುವುದಿಲ್ಲ.

ಈ ಹಳಿವು ನ್ಯಾಯವೋ ಅನ್ಯಾಯವೋ ಎಂಬುದನ್ನು ಈಗ ವಿಶ್ವವಿದ್ಯಾನಿಲಯಗಳ ಸಂಶೋಧನಗೋಷ್ಠಿಗಳಲ್ಲಿ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಒಟ್ಟಿಗೆ ಕುಳಿತು ವಿಚಾರಮಾಡುತ್ತಿದ್ದಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ನರಿಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದ ಮೇಲೆ ಈ ಕೂಟಕ್ಕೆ ವಿಶೇಷ ಮನ್ನಣೆಯುಂಟಾಯಿತು. ಇವರ ಶೋಧನೆಗಳಲ್ಲಿ ರೈತರಿಗೆ ಅತ್ಯಂತ ಸಮೀಪವಾದುದು ತಮಿಳುನಾಡಿನ ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳಲ್ಲಿ ನಡೆದುದು. ಅಲ್ಲಿಯ ೫೪ ಗ್ರಾಮಗಳ ೪೬೪ ಮಂದಿ ಕಬ್ಬಿನ ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆಯೂ, ಕಟಾವಾದ ಮೇಲೆ ಇನ್ನೊಮ್ಮೆಯೂ ಬುದ್ಧಿಯ ಪರೀಕ್ಷೆಗೆ ಒಳಪಡಿಸಿದರು. ಕಬ್ಬಿನವನಿಗೂ ತೊಗರಿಯವನಂತೆ ವರ್ಷಕ್ಕೊಮ್ಮೆಯೇ ಹಣ. ಚಿತ್ರದಲ್ಲಿ ಬಿಟ್ಟುಹೋದ ಭಾಗವನ್ನು ಗುರುತಿಸುವಂಥ ಸರಳವಾದ ಪ್ರಶ್ನೆಗಳಲ್ಲಿ ಅದೇ ಮನುಷ್ಯನು ಕಟಾವಿಗೆ ಮುಂಚೆ ಹೆಚ್ಚು ತಪ್ಪಿದನು, ಹಣ ಬಂದ ಮೇಲೆ ಕಡಿಮೆ ತಪ್ಪಿದನು. ಸಕ್ಕರೆಯ ಕಾರ್ಖಾನೆಗಳು ಕಬ್ಬನ್ನು ಹಲವು ತಿಂಗಳ ಸರದಿಯಲ್ಲಿ ತೆಗೆದುಕೊಳ್ಳುವುದರಿಂದ, ಇದು ಕೇವಲ ಋತುವಿನ ಪರಿಣಾಮವೆಂದು ಹೇಳುವಂತಿಲ್ಲ. ಆನಂದಿ ಮಣಿ ಮೊದಲಾದ ನಾಲ್ವರು ಈ ವರದಿಯನ್ನು ೨೦೧೩ರಲ್ಲಿ ಪ್ರಕಟಿಸಿದರು. ಹಣದ ಚಿಂತೆಯು ಮನಸ್ಸಿನ ಒಂದು ಭಾಗವನ್ನು ಆಕ್ರಮಿಸಿಕೊಂಡು, ಉಳಿದ ವಿಚಾರಕ್ಕೆ ಎಡೆಗೊಡುವುದಿಲ್ಲವೆಂಬುದು ಅವರ ಅಭಿಪ್ರಾಯ. ಅಮೇರಿಕದಲ್ಲಿ ಸಂಬಳದ ದಿನದ ಹಿಂದು ಮುಂದು ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ ವ್ಯತ್ಯಾಸವು ಕಂಡುಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ತಿಂಗಳ ಸಂಬಳದವನ ಕೊರತೆಯನ್ನು ವರ್ಷದ ಬೆಳೆಯವನ ಕೊರತೆಗೆ ಹೋಲಿಸುವುದು ಕಷ್ಟವೇ ಸರಿ.

ಪಶ್ಚಿಮ ಕೆನ್ಯಾದಲ್ಲಿ ಮೆಕ್ಕೆಜೋಳ ಬೆಳೆಯುವವರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಗೊಬ್ಬರದಿಂದ ಲಾಭವುಂಟೆಂದು ಬಲ್ಲವರೂ ಬಿತ್ತನೆಯ ಕಾಲಕ್ಕೆ ಹಣವಿಲ್ಲದೆ ಕೊಳ್ಳದಿದ್ದರು. ಸುಗ್ಗಿಯಾದೊಡನೆ ಅವರ ಮನೆಗೆ ಹೋಗಿ, ಈಗಲೇ ಹಣ ಕಟ್ಟಿದರೆ ಗೊಬ್ಬರವನ್ನು ಸಾಗಾಣಿಕೆಯ ವೆಚ್ಚವಿಲ್ಲದೆ ಬಾಗಿಲಿಗೆ ತಲುಪಿಸುವುದಾಗಿ ತಿಳಿಸಲಾಯಿತು. ಇದರ ಫಲವು, ಗೊಬ್ಬರ ಹಾಕುವ ಕಾಲದಲ್ಲಿ ಬೆಲೆಯನ್ನು ಅರ್ಧಕ್ಕಿಳಿಸಿದ ಫಲಕ್ಕೆ ಸರಿಸಮಾನವಾಗಿತ್ತು. ೨೦೧೧ರಲ್ಲಿ ಪ್ರಕಟವಾದ ಈ ಸಂಗತಿಯು ನಮ್ಮ ಸೀಮೆಗೆ ಬಹಳ ಬೆಲೆಯುಳ್ಳದ್ದು.

ಏಕೆಂದರೆ ಜೂನಿನ ಸಾಲವು ಜನವರಿಯ ಮಾರಾಟವನ್ನೂ ನಿರ್ಣಯಿಸುವುದು. ೨೦೧೫ರ ತೇಜಿಯನ್ನು ಕಂಡು ಎಲ್ಲರೂ ತೊಗರಿಯನ್ನೇ ಬಿತ್ತಿದ್ದರಿಂದ ೨೦೧೬-೧೭ರಲ್ಲಿ ದೇಶದ ಉತ್ಪನ್ನವು ೪೮ ಲಕ್ಷ ಟನ್ನುಗಳನ್ನು ಮೀರಿತು. ಧಾರಣೆಯು ಕ್ವಿಂಟಲಿಗೆ ೫,೦೫೦ ರೂಪಾಯಿಗಳ ಬೆಂಬಲ ಬೆಲೆಗಿಂತಲೂ ಕೆಳಕ್ಕಿಳಿಯಿತು. ಸರ್ಕಾರದ ಖರೀದಿ ಕೇಂದ್ರದ ಸರದಿಯನ್ನು ಕಾಯಬಲ್ಲವರಿಗೆ ಆ ಬೆಲೆಗೆ ಮಾರುವ ಅವಕಾಶವಿತ್ತು. ಸಾಲಗಾರನ ಒತ್ತಾಯಕ್ಕೆ ಸಿಕ್ಕಿದವನು ಕಾಯುವುದೆಂತು?

ಗ್ರಾಮದ ಹಿರಿಯರೂ ಭೂಮಾಲೀಕರೂ ಬೀಜ ಗೊಬ್ಬರಗಳ ಸಭೆಯನ್ನು ಮೇ ತಿಂಗಳಿನಲ್ಲಿ ಕರೆಯುವ ವಾಡಿಕೆಯನ್ನು ಬಿಟ್ಟು, ತೊಗರಿಯ ಹಣ ಕೈಗೆ ಬಂದ ಫೆಬ್ರವರಿಯಲ್ಲಿಯೇ ಕರೆಯುವುದು ಲೇಸು. ಎಕರೆಗೆ ಒಂದು ಚೀಲ ಡಿ.ಎ.ಪಿ.ಯ ಹಣವನ್ನು ಆಗಲೇ ಸಹಕಾರ ಸಂಘದಲ್ಲಿ ಕಟ್ಟಿಸಿಡಬಹುದು. ಕೋರುಪಾಲಿನ ಒಕ್ಕಲುಗಳಿರುವ ಮಾಲೀಕರು ಕಣದಲ್ಲಿ ಪಾಲು ಹಂಚುವಾಗಲೇ ಮುಂದಿನ ಬೀಜವನ್ನು ಪ್ರತ್ಯೇಕಿಸತಕ್ಕದ್ದು. ನೆಟೆರೋಗದ ಉಪದ್ರವವಿರುವ ಹೊಲಗಳಿಗೆ ಕಲಬುರಗಿಯ ಕೃಷಿ ಸಂಶೋಧನ ಕೇಂದ್ರದ ಟಿ.ಎಸ್.-೩ಆರ್ ತಳಿಯು ಒಗ್ಗುವುದು. ರೋಗವಿಲ್ಲದ ಗಿಡಗಳಿಂದಲೇ ಆರಿಸಿದ ಬೀಜವನ್ನು ತೇವವು ಶೇಕಡಾ ೯ನ್ನು ಮೀರದಂತೆ ಒಣಗಿಸಿ, ಗಾಳಿಯಾಡದ ಪಾತ್ರೆಯಲ್ಲಿ ಭದ್ರಪಡಿಸಿದರೆ ನುಸಿಯ ಭಯವು ಬಹುಮಟ್ಟಿಗೆ ತಪ್ಪುವುದು. ಬಿತ್ತುವ ದಿವಸ ಟ್ರೈಕೋಡರ್ಮದಿಂದ ಉಪಚರಿಸುವುದೊಂದೇ ಆಗ ಉಳಿಯುವ ಕೆಲಸ.